ಎಲಿವೇಷನ್ ಬಿಡಿ, ಸೆಕ್ಷನ್ ಕದಿಯಿರಿ

(ಬಳ್ಳಾರಿಯಲ್ಲಿ ಆರ್ಕಿಟೆಕ್ಚರ್ ಮತ್ತು ಸಿವಿಲ್ ವಿದ್ಯಾರ್ಥಿಗಳು, ರಂಗಭೂಮಿಯ ಗೆಳೆಯರ ಮುಂದೆ ಆಡಿದ ಮಾತಿನ ಬರಹ ರೂಪ. ಮಾತಿನಲ್ಲಿ ಎರಡೆರಡು ಸಲ ಬಂದದ್ದನ್ನು ತೆಗೆದಿದ್ದೇನೆ, ಉಳಿದದ್ದು ಹೆಚ್ಚುಕಡಿಮೆ ಹಾಗೇ ಇದೆ.)

ನಮಸ್ಕಾರ. ಹಿಂದಿನ ಸಾಲಿನವರಿಗೂ ಕೇಳಿಸುತ್ತಿದೆ ಅಲ್ವಾ? ಕೇಳಿಸದಿದ್ದರೆ ಮೈಕನ್ನು ಬೈಯಬೇಡಿ. ಬಹುಶಃ ತಪ್ಪು ಈ ಗೋಡೆಗಳದು. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ನಮ್ಮ ಕಡೆ ಯಾರಾದರೂ ಕಟ್ಟಡ ಕಟ್ಟಿಸಬೇಕು ಅಂದರೆ ಮೊದಲು ಜೇಬಿನಿಂದ ಫೋನ್ ತೆಗೆಯುತ್ತಾರೆ. ಅದರಲ್ಲಿ ಒಂದು ಫೋಟೋ ಇರುತ್ತದೆ. ದುಬೈದೋ, ಸಿಂಗಾಪುರದ್ದೋ. "ಸಾರ್, ಇಂಥದ್ದೇ ಎಲಿವೇಷನ್ ಬೇಕು ನೋಡ್ರಿ" ಅನ್ನುತ್ತಾರೆ. ಮನೆಗೂ ಇದೇ ಮಾತು, ಮದುವೆ ಹಾಲ್‌ಗೂ ಇದೇ ಮಾತು, ಮಲ್ಟಿಪ್ಲೆಕ್ಸಿಗೂ ಇದೇ ಮಾತು. ಬೇರೆಯವರ ಕಟ್ಟಡ ನೋಡಿ ಆಸೆಪಡುವುದರಲ್ಲಿ ತಪ್ಪೇನಿಲ್ಲ. ಜಗತ್ತಿನ ಎಲ್ಲ ಒಳ್ಳೆಯ ಕಟ್ಟಡಗಳೂ ಹಾಗೇ ಹುಟ್ಟಿವೆ. ನನ್ನ ತಕರಾರು ಇರುವುದು ಎಲ್ಲಿಂದ ಕದಿಯುತ್ತೇವೆ ಅನ್ನುವುದರ ಬಗ್ಗೆ ಅಲ್ಲ, ಯಾವ ಡ್ರಾಯಿಂಗ್ ಕದಿಯುತ್ತೇವೆ ಅನ್ನುವುದರ ಬಗ್ಗೆ.

ಎಲಿವೇಷನ್ ಅಂದರೆ ಎದುರಿಗೆ ನಿಂತಾಗ ಕಾಣುವ ಮುಖ. ಸೆಕ್ಷನ್ ಅಂದರೆ ಕಟ್ಟಡವನ್ನು ಮೇಲಿಂದ ಕೆಳಕ್ಕೆ ಸೀಳಿ ಪಕ್ಕದಿಂದ ನೋಡುವುದು. ಕೂತವನ ಕಣ್ಣಿಗೆ ವೇದಿಕೆ ಕಾಣುತ್ತದೋ ಇಲ್ಲವೋ, ಬಿಸಿಲು ಎಲ್ಲಿ ಬೀಳುತ್ತದೆ, ಬಿಸಿಗಾಳಿ ಎಲ್ಲಿಂದ ಹೊರಗೆ ಹೋಗುತ್ತದೆ, ಸದ್ದು ಯಾವ ಗೋಡೆಗೆ ಬಡಿದು ಯಾರ ಕಿವಿಗೆ ವಾಪಸ್ ಬರುತ್ತದೆ, ಇದೆಲ್ಲ ಗೊತ್ತಾಗುವುದು ಸೆಕ್ಷನ್‌ನಲ್ಲಿ. ಮನರಂಜನೆಯ ಕಟ್ಟಡದ ಜೀವ ಇರುವುದು ಅಲ್ಲೇ. ಆದರೆ ಅದರ ಫೋಟೋ ಯಾರೂ ಹಂಚಿಕೊಳ್ಳುವುದಿಲ್ಲ.

ಎಲ್ಲರಿಗೂ ಗೊತ್ತಿರುವ ಸಿಡ್ನಿ ಒಪೆರಾ ಹೌಸ್‌ನಿಂದ ಶುರು ಮಾಡೋಣ. ಡೆನ್ಮಾರ್ಕಿನ ಆರ್ಕಿಟೆಕ್ಟ್ ಯೋರ್ನ್ ಉಟ್ಸನ್ 1957ರಲ್ಲಿ ಅದರ ವಿನ್ಯಾಸದ ಸ್ಪರ್ಧೆ ಗೆದ್ದರು. ಕಟ್ಟಡದ ಬಾಗಿಲು ತೆರೆದದ್ದು 1973ರಲ್ಲಿ. ಮೊದಲ ಅಂದಾಜು 70 ಲಕ್ಷ ಆಸ್ಟ್ರೇಲಿಯನ್ ಡಾಲರ್, ಕೊನೆಗೆ ಆದದ್ದು 10 ಕೋಟಿ 20 ಲಕ್ಷ. ನಡುವೆ 1966ರಲ್ಲಿ ಉಟ್ಸನ್ ಜಗಳವಾಗಿ ಕೆಲಸ ಬಿಟ್ಟು ಹೋದರು. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ನನಗೆ ಇಷ್ಟವಾಗುವುದು ಆ ಚಾವಣಿಯ ಒಳಗಿನ ಕತೆ. ಮೊದಲ ಚಿತ್ರಗಳಲ್ಲಿ ದೋಣಿಯ ಹಾಯಿಯಂಥ ಆ ಚಿಪ್ಪುಗಳಿಗೆ ಲೆಕ್ಕವೇ ಇರಲಿಲ್ಲ, ಕೈ ಹೋದ ಹಾಗೆ ಎಳೆದ ಗೆರೆಗಳು. ಒಂದೊಂದು ಕಮಾನಿಗೂ ಬೇರೆ ಬೇರೆ ಅಚ್ಚು ಬೇಕಾಗುತ್ತಿತ್ತು. ಎಂಜಿನಿಯರ್‌ಗಳು ವರ್ಷಗಟ್ಟಲೆ ಒದ್ದಾಡಿದರು. 1961ರ ಹೊತ್ತಿಗೆ ದಾರಿ ಸಿಕ್ಕಿತು: ಎಲ್ಲ ಹಾಯಿಗಳನ್ನೂ ಸುಮಾರು 75 ಮೀಟರ್ ತ್ರಿಜ್ಯದ ಒಂದೇ ಗೋಳದಿಂದ ಕತ್ತರಿಸಿದ ತುಂಡುಗಳು ಎಂದು ಇಟ್ಟುಕೊಂಡರೆ ಬಾಗು ಎಲ್ಲ ಕಡೆ ಒಂದೇ. ಅದೇ ಅಚ್ಚುಗಳಲ್ಲಿ ಮತ್ತೆ ಮತ್ತೆ ಕಾಂಕ್ರೀಟ್ ತುಂಡುಗಳನ್ನು ಎರಕ ಹೊಯ್ದು ಜೋಡಿಸಬಹುದು.

ಅಲ್ಲಿಂದ ಕಲಿಯಬೇಕಾದದ್ದು ಇದು. ಒಂದೇ ಅಚ್ಚು ನೂರು ಸಲ ಬಳಕೆಯಾಗುವ ಹಾಗೆ ಆಕಾರ ಹುಡುಕಿ. ಇಲ್ಲಿ ಸೆಂಟ್ರಿಂಗ್, ಅಂದರೆ ಕಾಂಕ್ರೀಟಿಗೆ ಅಚ್ಚು ಕಟ್ಟುವ ಕೆಲಸ ಮಾಡಿಸಿದವರಿಗೆ ಗೊತ್ತು, ಬಾಗಿದ ಸ್ಲ್ಯಾಬ್ ಅಂದ ಕೂಡಲೇ ಮೇಸ್ತ್ರಿಯ ಮುಖ ಹೇಗಾಗುತ್ತದೆ ಅಂತ. ಹಾಯಿಯ ಚಿತ್ರ ತೋರಿಸಿದರೆ ಅವರು ರೇಟು ಏರಿಸುತ್ತಾರೆ. ಒಂದೇ ಅಚ್ಚಿನ ಲೆಕ್ಕ ತೋರಿಸಿದರೆ ಕೂತು ಮಾತಾಡುತ್ತಾರೆ.

ಸಿಡ್ನಿಯ ಇನ್ನೊಂದು ಸಂಗತಿ ಕಹಿ. ಹೊರಗಿನ ಆಕಾರ ಗಟ್ಟಿಯಾದ ಮೇಲೆ ಒಳಗೆ ಯಾವ ಹಾಲ್‌ನಲ್ಲಿ ಏನು ನಡೆಯಬೇಕು ಎನ್ನುವುದು ಬದಲಾಯಿತು. ದೊಡ್ಡ ಹಾಲ್ ವಾದ್ಯಗೋಷ್ಠಿಗೆ ಹೋಯಿತು. ಒಪೆರಾ ಹೌಸ್ ಅಂತ ಹೆಸರಿಟ್ಟುಕೊಂಡ ಕಟ್ಟಡದಲ್ಲಿ ಒಪೆರಾಕ್ಕೆ, ಅಂದರೆ ಹಾಡಿನಲ್ಲೇ ನಡೆಯುವ ನಾಟಕಕ್ಕೆ, ಸಿಕ್ಕಿದ್ದು ಸಣ್ಣ ಹಾಲ್! ದೊಡ್ಡ ಹಾಲ್‌ನ ಸದ್ದಿನ ಗುಣ ಸರಿ ಮಾಡಲು ಈಚೆಗೆ ಎರಡು ವರ್ಷ ಬಾಗಿಲು ಹಾಕಿ ಕೆಲಸ ಮಾಡಿದರು, 2022ರಲ್ಲಿ ಮತ್ತೆ ತೆರೆದರು. ನಮ್ಮಲ್ಲಿ "ಮೊದಲು ಹಾಲ್ ಕಟ್ಟೋಣ, ಏನಕ್ಕೆ ಕೊಡೋದು ಆಮೇಲೆ ನೋಡೋಣ" ಅನ್ನುವವರು ಬಹಳ. ನಾಟಕಕ್ಕೂ ಆಯಿತು, ಮದುವೆಗೂ ಆಯಿತು, ರಾಜಕೀಯ ಸಭೆಗೂ ಆಯಿತು. ಅಂಥ ಹಾಲ್‌ನಲ್ಲಿ ಚೆನ್ನಾಗಿ ಆಗುವುದು ಊಟ ಮಾತ್ರ.

ಈಗ ಬಿಸಿಲಿಗೆ ಬರೋಣ. ಬಳ್ಳಾರಿಯಲ್ಲಿ ನಿಂತು ಬಿಸಿಲಿನ ಮಾತು ಬಿಟ್ಟರೆ ನೀವು ನನ್ನನ್ನು ಬಿಡುವುದಿಲ್ಲ.

ಲಾಸ್ ಏಂಜಲಿಸ್‌ನಲ್ಲಿ ಫ್ರಾಂಕ್ ಗೆರಿ ಮಾಡಿದ ವಾಲ್ಟ್ ಡಿಸ್ನಿ ಕನ್ಸರ್ಟ್ ಹಾಲ್ ಇದೆ, 2003ರದ್ದು. ಹೊರಗೆಲ್ಲ ಸ್ಟೇನ್‌ಲೆಸ್ ಸ್ಟೀಲ್, ಗಾಳಿಗೆ ಉಬ್ಬಿದ ಹಾಗೆ ಬಾಗಿದ ಹಾಳೆಗಳು. ಒಳಗಿನ ಸದ್ದು ಅದ್ಭುತ ಅಂತ ಸಂಗೀತಗಾರರು ಹೇಳುತ್ತಾರೆ. ಆದರೆ ಅದರ ಒಂದು ಭಾಗಕ್ಕೆ ಕನ್ನಡಿಯಂಥ ಹೊಳಪು ಕೊಟ್ಟಿದ್ದರು, ಮೇಲಾಗಿ ಅದು ಒಳಕ್ಕೆ ಬಾಗಿತ್ತು. ಬಿಸಿಲೆಲ್ಲ ಅಲ್ಲಿಂದ ಒಟ್ಟಾಗಿ ಎದುರಿನ ಮನೆಗಳ ಮೇಲೆ, ಫುಟ್‌ಪಾತಿನ ಮೇಲೆ ಬೀಳತೊಡಗಿತು. ಅಕ್ಕಪಕ್ಕದವರು ದೂರು ಕೊಟ್ಟರು. 2005ರಲ್ಲಿ ಆ ಹಾಳೆಗಳನ್ನು ಉಜ್ಜಿ ಹೊಳಪು ತೆಗೆದರು. ಅದು ಸಮುದ್ರದ ಗಾಳಿ ಬೀಸುವ ಊರು. ಇಲ್ಲಿ ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ. ಇಲ್ಲಿ ಪಶ್ಚಿಮಕ್ಕೆ ಗಾಜು, ಅದರ ಸುತ್ತ ಎಸಿಪಿ (ಅಲ್ಯೂಮಿನಿಯಂ ಹೊದಿಕೆಯ) ಹಾಳೆ ಹೊಡೆದು "ಮಾಡರ್ನ್" ಅನ್ನುತ್ತೇವೆ. ಸಂಜೆ 4 ಗಂಟೆಗೆ ಆ ಗಾಜಿನ ಹಿಂದೆ ಟಿಕೆಟ್ ಕೌಂಟರ್‌ನಲ್ಲಿ ಕೂತ ಹುಡುಗನನ್ನು ಒಮ್ಮೆ ಕೇಳಿ ನೋಡಿ.

ಒಂದು ಲೆಕ್ಕ ಹೇಳುತ್ತೇನೆ, ವಿದ್ಯಾರ್ಥಿಗಳು ಬರೆದುಕೊಳ್ಳಿ. ಬಳ್ಳಾರಿ ಇರುವುದು ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಹಾಗಾಗಿ ಮೇ ತಿಂಗಳ ಆರಂಭದಲ್ಲಿ ಒಮ್ಮೆ, ಆಗಸ್ಟ್ ಎರಡನೇ ವಾರದ ಹೊತ್ತಿಗೆ ಇನ್ನೊಮ್ಮೆ ಮಧ್ಯಾಹ್ನದ ಸೂರ್ಯ ನೇರ ನೆತ್ತಿಯ ಮೇಲಿರುತ್ತಾನೆ. ಅವೆರಡರ ನಡುವೆ ಮಧ್ಯಾಹ್ನದಲ್ಲಿ ಅವನು ಸ್ವಲ್ಪ ಉತ್ತರಕ್ಕೇ ಇರುತ್ತಾನೆ. ಪುಸ್ತಕದಲ್ಲಿ ಓದಿದ "ಉತ್ತರಕ್ಕೆ ದೊಡ್ಡ ಕಿಟಕಿ ಇಟ್ಟರೆ ಬಿಸಿಲೇ ಬರುವುದಿಲ್ಲ" ಅನ್ನುವ ಮಾತು ಇಲ್ಲಿ ಪೂರ್ತಿ ನಿಜವಲ್ಲ. ಉತ್ತರಕ್ಕೂ ಒಂದು ಸಣ್ಣ ಛಜ್ಜಾ ಬೇಕು. ಅತಿ ಹೆಚ್ಚು ಬಿಸಿಲು ತಿನ್ನುವುದು ಯಾವುದು? ಚಾವಣಿ. ಹಾಗಾದರೆ ನಮ್ಮ ಊರಿನಲ್ಲಿ ಕಟ್ಟಡದ ನಿಜವಾದ ಮುಖ ಚಾವಣಿಯೇ. ದುಡ್ಡು ಮೊದಲು ಅಲ್ಲಿಗೆ ಹೋಗಬೇಕು.

ಇದಕ್ಕೆ ಕದಿಯಬಹುದಾದ ಸೆಕ್ಷನ್ ಚಂಡೀಗಢದಲ್ಲಿದೆ. ಆರ್ಕಿಟೆಕ್ಟ್ ಲೆ ಕಾರ್ಬೂಸಿಯೇ ಅಲ್ಲಿನ ಹೈಕೋರ್ಟ್‌ಗೆ ಎರಡು ಚಾವಣಿ ಇಟ್ಟಿದ್ದಾರೆ. ಮೇಲಿನದು ದೊಡ್ಡ ಕಾಂಕ್ರೀಟ್ ಛತ್ರಿ, ಅದರ ಕೆಳಗೆ ಖಾಲಿ ಜಾಗ, ಆಮೇಲೆ ಕೋಣೆಗಳ ಚಾವಣಿ. ಬಿಸಿಲು ಮೇಲಿನದನ್ನು ಸುಡುತ್ತದೆ, ನಡುವೆ ಗಾಳಿ ಹಾದು ಹೋಗುತ್ತದೆ. ಅದು ಕೋರ್ಟು, ನಮಗೆ ಬೇಕಾದದ್ದು ಥಿಯೇಟರ್. ಇರಲಿ, ಸೂರ್ಯನಿಗೆ ಆ ವ್ಯತ್ಯಾಸ ಗೊತ್ತಿಲ್ಲ. ಇಲ್ಲಿ ಮೇಲಿನ ಛತ್ರಿಯನ್ನು ಕಾಂಕ್ರೀಟಿನಲ್ಲೇ ಮಾಡಬೇಕೆಂದಿಲ್ಲ. ಕಬ್ಬಿಣದ ಟ್ರಸ್, ಮೇಲೆ ಶೀಟು ಸಾಕು, ಅಥವಾ ಸೋಲಾರ್ ಪ್ಯಾನೆಲ್‌ಗಳನ್ನೇ ಛತ್ರಿ ಮಾಡಿ. ಪಕ್ಕದ ತೋರಣಗಲ್ಲಿನಲ್ಲಿ ಉಕ್ಕು ತಯಾರಾಗುವಾಗ ಉಕ್ಕಿಗೆ ನಾವು ಹೆದರಬೇಕಾ?

ಕೆಳಗಿನ ಚಾವಣಿಗೆ ಅಹಮದಾಬಾದ್ ನೋಡಿ. ಆರ್ಕಿಟೆಕ್ಟ್ ಬಾಲಕೃಷ್ಣ ದೋಶಿ ತಮ್ಮ ಆಫೀಸು 'ಸಂಗಾತ್'ಗೆ ಕಮಾನಿನ ಚಾವಣಿ ಹಾಕಿ, ಮೇಲೆಲ್ಲ ಒಡೆದ ಬಿಳಿ ಚೀನಿ ಮಣ್ಣಿನ ಚೂರು ಅಂಟಿಸಿದರು. ಬಿಸಿಲನ್ನು ಬಿಳುಪು ವಾಪಸ್ ಕಳಿಸುತ್ತದೆ, ಅರ್ಧ ಕಟ್ಟಡ ನೆಲದೊಳಗೆ ಇಳಿದಿರುವುದರಿಂದ ತಂಪು. ಅದೇ ಊರಿನಲ್ಲಿ ಅವರು ಎಂ.ಎಫ್. ಹುಸೇನ್ ಜೊತೆ ಸೇರಿ ಮಾಡಿದ ಗುಹೆಯಂಥ ಗ್ಯಾಲರಿಯ ಚಿಪ್ಪುಗಳು ಫೆರೋಸಿಮೆಂಟಿನವು. ಅಂದರೆ ಕಬ್ಬಿಣದ ಜಾಲರಿಗೆ ತೆಳುವಾಗಿ ಗಾರೆ ಹಚ್ಚಿದ್ದು. ಕಟ್ಟಿದವರು ವಿಶೇಷ ತರಬೇತಿ ಇಲ್ಲದ ಕೂಲಿಯವರು. ಟೈಲ್ಸ್ ಅಂಗಡಿಯ ಹಿಂದೆ ಬಿದ್ದಿರುವ ಒಡೆದ ಬಿಳಿ ಟೈಲ್ಸ್ ನಮ್ಮ ಊರಲ್ಲಿ ಬೇಕಾದಷ್ಟು ಸಿಗುತ್ತವೆ.

ಇನ್ನು ಕೂರುವ ವಿಷಯ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಬರ್ಲಿನ್‌ನ ಫಿಲ್‌ಹಾರ್ಮೊನಿ ಸಭಾಂಗಣ 1963ರದ್ದು, ಹಾನ್ಸ್ ಶರೂನ್ ಮಾಡಿದ್ದು. ಅದಕ್ಕೂ ಮೊದಲು ಸಂಗೀತದ ಹಾಲ್ ಅಂದರೆ ಹೆಚ್ಚಾಗಿ ಉದ್ದನೆಯ ಪೆಟ್ಟಿಗೆ, ಒಂದು ತುದಿಗೆ ವಾದ್ಯದವರು, ಉಳಿದಂತೆ ಜನ. ಶರೂನ್ ಸುಮ್ನೆ ಒಂದು ಸಂಗತಿ ಗಮನಿಸಿದರು. ಬೀದಿಯಲ್ಲಿ ಯಾರಾದರೂ ಹಾಡಿದರೆ ಜನ ತಾವಾಗಿಯೇ ಸುತ್ತ ನಿಲ್ಲುತ್ತಾರೆ. ಹಾಗಾಗಿ ವಾದ್ಯದವರನ್ನು ನಡುವೆ ಇಟ್ಟು, ಸುತ್ತ ಮೆಟ್ಟಿಲು ಮೆಟ್ಟಿಲಾಗಿ ದ್ರಾಕ್ಷಿ ತೋಟದ ಹಾಗೆ ಜನರನ್ನು ಕೂರಿಸಿದರು. ಆಮೇಲೆ ಜಗತ್ತಿನ ಎಷ್ಟೋ ಹಾಲ್‌ಗಳು ಇದನ್ನೇ ಅನುಸರಿಸಿದವು.

ಇದನ್ನು ನೇರ ತಂದು ಬಳ್ಳಾರಿಯಲ್ಲಿ ಇಡಬಹುದಾ? ಸಂಗೀತಕ್ಕೆ ಇಡಬಹುದು. ನಾಟಕಕ್ಕೆ ಕಷ್ಟ, ಅರ್ಧ ಜನಕ್ಕೆ ನಟನ ಬೆನ್ನೇ ಕಾಣುತ್ತದೆ. ಕಂಪನಿ ನಾಟಕಕ್ಕಂತೂ ಸಾಧ್ಯವೇ ಇಲ್ಲ. ಅರಮನೆ, ಕಾಡು, ಬೀದಿ ಅಂತ ಬರೆದ ಪರದೆಗಳನ್ನು ಎಲ್ಲಿ ಇಳಿಬಿಡುತ್ತೀರಿ? ಆದರೆ ನಮ್ಮ ಬಯಲಾಟ ಏನು ಮಾಡುತ್ತದೆ ನೋಡಿ. ಅಟ್ಟದ, ಅಂದರೆ ಆಟದ ವೇದಿಕೆಯ, ಹಿಂದೆ ಒಂದು ಪರದೆ, ಅಲ್ಲೇ ಹಿಮ್ಮೇಳ. ಉಳಿದ ಮೂರು ಕಡೆ ಜನ. ಪಾತ್ರಧಾರಿ ಕುಣಿಯುತ್ತ ಮೂರು ಕಡೆಗೂ ಮುಖ ಕೊಡುತ್ತಾನೆ. ಬರ್ಲಿನ್‌ನ ಯೋಚನೆಯನ್ನು ಮುಕ್ಕಾಲು ಪಾಲು ತಗೊಂಡು, ಕಾಲು ಪಾಲು ಪರದೆಗೆ ಬಿಟ್ಟ ಹಾಗೆ. ಬೆಂಗಳೂರಿನ ರಂಗಶಂಕರದಲ್ಲೂ ವೇದಿಕೆ ಮುಂದಕ್ಕೆ ಚಾಚಿಕೊಂಡಿದೆ. ಅಲ್ಲಿ ಇರುವುದು 300ಕ್ಕೂ ಸ್ವಲ್ಪ ಜಾಸ್ತಿ ಸೀಟು ಅಷ್ಟೇ. ನಟನ ಮುಖದ ಭಾವ ಬರಿಗಣ್ಣಿಗೆ ಚೆನ್ನಾಗಿ ಕಾಣುವುದು ಸುಮಾರು 20 ಮೀಟರ್‌ವರೆಗೆ. ಅದಕ್ಕಿಂತ ಹಿಂದೆ ಕೂರಿಸಿದರೆ ನೀವು ಮಾರುವುದು ನಾಟಕದ ಟಿಕೆಟ್ ಅಲ್ಲ, ರೇಡಿಯೋದ ಟಿಕೆಟ್.

ಮೂರು ಕಡೆ ಜನ ಕೂತರೆ 20 ಮೀಟರ್ ಒಳಗೆ ಹೆಚ್ಚು ಜನ ಹಿಡಿಸುತ್ತಾರೆ. ಸಾಲಿನಿಂದ ಸಾಲಿಗೆ ಏರಿಕೆ ಎಷ್ಟಿರಬೇಕು? ಕಣ್ಣಿನಿಂದ ನೆತ್ತಿಗೆ ಸುಮಾರು 12 ಸೆಂ.ಮೀ. ಅಂದರೆ ಹಿಂದಿನವನ ನೋಟ, ಮುಂದಿನವನ ಕಣ್ಣಿಗಿಂತ ಅಷ್ಟು ಮೇಲೆ ಹಾದು ವೇದಿಕೆಯ ತುದಿಗೆ ಮುಟ್ಟಬೇಕು. ಇದು ವಿದೇಶಿ ಪುಸ್ತಕದ ಲೆಕ್ಕ. ನಮ್ಮಲ್ಲಿ ಹೆಣ್ಣುಮಕ್ಕಳು ಮುಡಿದ ಮಲ್ಲಿಗೆ, ಹಿರಿಯರ ರುಮಾಲು, ಹೆಗಲ ಮೇಲಿನ ಮಗು, ಇವನ್ನೂ ಸೇರಿಸಿ. ನಾನು ಸೇರಿಸುತ್ತೇನೆ, ನಗಬೇಡಿ.

ಈಗ ಆ ಗೋಡೆಯ ವಿಷಯ. ಖಾಲಿ ಹಾಲ್‌ನ ನಡುವೆ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ಹೊಡೆಯಿರಿ. ಎದುರುಬದುರು ಗೋಡೆ ನುಣುಪಾಗಿದ್ದರೆ 'ಟರ್ರ್' ಅಂತ ಸದ್ದು ಹತ್ತಾರು ಸಲ ಹೋಗಿ ಬರುವುದು ಕೇಳುತ್ತದೆ. ಬಳ್ಳಾರಿ, ರಾಯಚೂರು, ಕೊಪ್ಪಳ, ಎಲ್ಲ ಕಡೆ ಹಾಲ್‌ಗಳಲ್ಲಿ ನಾನು ಇದನ್ನು ಮಾಡುತ್ತಿರುತ್ತೇನೆ. ವಾಚ್‌ಮನ್‌ಗಳು ವಿಚಿತ್ರವಾಗಿ ನೋಡುತ್ತಾರೆ.

ಈ ಸದ್ದಿಗೆ ಲೆಕ್ಕ ಹಾಕಿಕೊಟ್ಟವರು ಹಾರ್ವರ್ಡ್‌ನ ವಾಲೇಸ್ ಸಬೀನ್. 1895ರಲ್ಲಿ ಅಲ್ಲಿನ ಒಂದು ಹೊಸ ಉಪನ್ಯಾಸದ ಕೋಣೆಯಲ್ಲಿ ಯಾರ ಮಾತೂ ಅರ್ಥವಾಗುತ್ತಿರಲಿಲ್ಲ. ಮಾತು 5 ಸೆಕೆಂಡಿಗೂ ಹೆಚ್ಚು ಹೊತ್ತು ಗುಂಯ್‌ಗುಡುತ್ತಿತ್ತು. ಸಬೀನ್ ಪಕ್ಕದ ಥಿಯೇಟರಿನ ಸೀಟಿನ ದಿಂಬುಗಳನ್ನು ರಾತ್ರಿ ಹೊತ್ತು ತಂದು ಆ ಕೋಣೆಯಲ್ಲಿ ಹಾಸುವುದು, ಅಳೆಯುವುದು, ಬೆಳಗಾಗುವುದರೊಳಗೆ ವಾಪಸ್ ಇಡುವುದು ಮಾಡುತ್ತಿದ್ದರು. ಅದರಿಂದ ಹೊರಟ ಸೂತ್ರ ಇವತ್ತಿಗೂ ನಡೆಯುತ್ತಿದೆ. ಹಾಲ್‌ನ ಘನಅಳತೆಯನ್ನು 0.161ರಿಂದ ಗುಣಿಸಿ, ಸದ್ದು ಹೀರುವ ಒಟ್ಟು ಮೈಯಿಂದ ಭಾಗಿಸಿದರೆ ಸದ್ದು ಎಷ್ಟು ಸೆಕೆಂಡ್ ಉಳಿಯುತ್ತದೆ ಎಂದು ಸಿಗುತ್ತದೆ.

ನಮ್ಮ ಮಾಮೂಲಿ ಹಾಲ್‌ಗೆ ಹಾಕಿ ನೋಡೋಣ. 30 ಮೀಟರ್ ಉದ್ದ, 20 ಅಗಲ, 8 ಎತ್ತರ. ಒಳಗಿನ ಗಾಳಿ 4800 ಘನ ಮೀಟರ್. ನೆಲ, ಚಾವಣಿ, ಗೋಡೆ ಎಲ್ಲ ಸೇರಿ 2000 ಚದರ ಮೀಟರ್. ಟೈಲ್ಸು, ಸಿಮೆಂಟು, ಪೇಂಟು ಹೆಚ್ಚೆಂದರೆ ನೂರಕ್ಕೆ 5 ಪಾಲು ಸದ್ದು ಹೀರುತ್ತವೆ ಅಂದುಕೊಳ್ಳಿ. ಹೀರುವ ಮೈ 100 ಚದರ ಮೀಟರ್ ಆಯಿತು. ಉತ್ತರ 7.7 ಸೆಕೆಂಡ್! ಒಂದು ಡೈಲಾಗ್ ಮುಗಿದು ಮೂರನೆಯದು ಶುರುವಾದರೂ ಮೊದಲನೆಯದು ಇನ್ನೂ ಹಾಲ್‌ನಲ್ಲೇ ಸುತ್ತುತ್ತಿರುತ್ತದೆ. 500 ಜನ ಕೂತರೆ, ಒಬ್ಬೊಬ್ಬರು ಅರ್ಧ ಚದರ ಮೀಟರ್ ಹೀರಿದರೂ, 2.2 ಸೆಕೆಂಡಿಗೆ ಇಳಿಯುತ್ತದೆ. ಮಾತಿನ ನಾಟಕಕ್ಕೆ ಬೇಕಾದದ್ದು ಒಂದು ಸೆಕೆಂಡಿನ ಆಸುಪಾಸು, ಸಂಗೀತಕ್ಕೆ ಇನ್ನಷ್ಟು ಇದ್ದರೂ ಚೆಂದ. ನಾವು 1.2ಕ್ಕೆ ತರಬೇಕು ಅಂದರೆ ಸದ್ದನ್ನು ಚೆನ್ನಾಗಿ ಹೀರುವ ವಸ್ತು ಸುಮಾರು 450 ಚದರ ಮೀಟರ್ ಬೇಕು. ಹಿಂದಿನ ಗೋಡೆ ಪೂರ್ತಿ, ಪಕ್ಕದ ಗೋಡೆಗಳಲ್ಲಿ ಅರ್ಧಕ್ಕಿಂತ ಹೆಚ್ಚು.

ಹಿಂದಿನ ಗೋಡೆಗೇ ಮೊದಲು ಯಾಕೆ? ವೇದಿಕೆಯಿಂದ ಹೊರಟ ಸದ್ದು 30 ಮೀಟರ್ ಹೋಗಿ 30 ಮೀಟರ್ ವಾಪಸ್ ಬರಲು ಸುಮಾರು 0.18 ಸೆಕೆಂಡ್ ತಗೊಳ್ಳುತ್ತದೆ. 0.05 ದಾಟಿದರೆ ಕಿವಿ ಅದನ್ನು ಬೇರೆ ಸದ್ದು ಅಂತ ಹಿಡಿಯುತ್ತದೆ. ಮುಂದಿನ ಸಾಲಿನವರಿಗೆ ಎರಡೆರಡು ಸಲ ಕೇಳುವುದು ಇದಕ್ಕೇ.

ಈ 450 ಚದರ ಮೀಟರ್‌ಗೆ ವಿದೇಶದಿಂದ ಪ್ಯಾನೆಲ್ ತರಿಸುವ ಮೊದಲು ನಮ್ಮ ಜೀನ್ಸ್ ಯುನಿಟ್‌ಗಳ ಹಿಂದಿನ ಬಾಗಿಲಿಗೆ ಹೋಗಿ ನೋಡಿ. ಕತ್ತರಿಸಿ ಉಳಿದ ಡೆನಿಮ್ ಚೂರು ಮೂಟೆಗಟ್ಟಲೆ ಬಿದ್ದಿರುತ್ತದೆ. ಡೆನಿಮ್ ಅಂದರೆ ಹತ್ತಿ. ಅದನ್ನು ಹಿಂಜಿ, ಬೆಂಕಿ ಹಿಡಿಯದ ಹಾಗೆ ಬೋರೇಟ್ ಸೇರಿಸಿ, ಗೋಡೆಗೆ ತುಂಬುವ ದಪ್ಪ ಹಾಸು ಮಾಡಿ ಅಮೆರಿಕದಲ್ಲಿ ಮಾರುತ್ತಾರೆ. ಸದ್ದು ಹೀರಲು ಅದು ಒಳ್ಳೆಯ ವಸ್ತು. ಬಳ್ಳಾರಿಯ ರಂಗಮಂದಿರದ ಗೋಡೆಯೊಳಗೆ ಬಳ್ಳಾರಿ ಜೀನ್ಸ್ ಇರಲಿ ಅನ್ನುವುದು ನನ್ನ ಬಹಳ ದಿನದ ಆಸೆ. ಬೆಂಕಿಯ ಪರೀಕ್ಷೆ ಮಾತ್ರ ತಪ್ಪಿಸುವ ಹಾಗಿಲ್ಲ. 1997ರ ಜೂನ್ 13ರಂದು ದೆಹಲಿಯ ಉಪಹಾರ್ ಥಿಯೇಟರಿನಲ್ಲಿ 59 ಜನ ಸತ್ತರು. ಹೊಗೆ ತುಂಬಿದಾಗ ಬಾಲ್ಕನಿಯವರು ಹೊರಗೆ ಓಡುವ ದಾರಿಯನ್ನು ಹೆಚ್ಚುವರಿ ಸೀಟುಗಳು ಕಟ್ಟಿಹಾಕಿದ್ದವು. ಇನ್ನೊಂದು ಸಾಲು ಸೀಟು ಹಾಕಿ ಅಂತ ಮಾಲೀಕರು ಕೇಳಿದಾಗ ಈ ತಾರೀಕು ಹೇಳಿ.

ಭೋಪಾಲದ ಭಾರತ ಭವನ ನನಗೆ ಇವೆಲ್ಲಕ್ಕಿಂತ ಹತ್ತಿರದ ಕಟ್ಟಡ. ಚಾರ್ಲ್ಸ್ ಕೊರಿಯಾ ಮಾಡಿದ್ದು, 1982ರಲ್ಲಿ ತೆರೆದದ್ದು. ಅಲ್ಲಿನ ನಾಟಕ ತಂಡ ರಂಗಮಂಡಲವನ್ನು ಕಟ್ಟಿ ಬೆಳೆಸಿದವರು ನಮ್ಮ ಬಿ.ವಿ. ಕಾರಂತರು. ಅದಕ್ಕೆ ಎಲಿವೇಷನ್ನೇ ಇಲ್ಲ ಅನ್ನಬಹುದು. ರಸ್ತೆಯಿಂದ ಒಳಗೆ ಹೋದರೆ ಒಂದು ತೋಟದ ಹಾಗಿನ ಅಂಗಳ. ಅಲ್ಲಿಂದ ಮೆಟ್ಟಿಲಿಳಿದು ಅಂಗಳದಿಂದ ಅಂಗಳಕ್ಕೆ ಹೋಗುತ್ತ ಕೆರೆಯ ಕಡೆ ಸಾಗುತ್ತೀರಿ. ಗ್ಯಾಲರಿ, ಥಿಯೇಟರ್ ಎಲ್ಲ ಆ ಅಂಗಳಗಳ ಪಕ್ಕ ನೆಲದೊಳಗೆ ಸೇರಿಕೊಂಡಿವೆ. ಕೆಳಗಿನವರ ಚಾವಣಿ ಮೇಲಿನವರಿಗೆ ಕಟ್ಟೆ. ಓಸ್ಲೋದ ಒಪೆರಾ ಹೌಸ್‌ನಲ್ಲೂ, ಅದು 2008ರದ್ದು, ಜನ ಬೀದಿಯಿಂದಲೇ ಇಳಿಜಾರಿನ ಚಾವಣಿ ಹತ್ತಿ ಅಡ್ಡಾಡುತ್ತಾರೆ, ಟಿಕೆಟ್ ಬೇಕಿಲ್ಲ. ಬೇಸಿಗೆಯಲ್ಲಿ ಮಾಳಿಗೆ ಮೇಲೆ ಹಾಸಿಗೆ ಹಾಸಿ ಮಲಗುವ ನಮಗೆ ಚಾವಣಿಯಲ್ಲಿ ಬದುಕುವುದನ್ನು ಯಾರೂ ಹೇಳಿಕೊಡಬೇಕಿಲ್ಲ. ಮಧ್ಯಾಹ್ನ ಅಲ್ಲಿ ಕಾಲಿಡಲಾಗದು ನಿಜ. ಆದರೆ ನಮ್ಮ ಆಟ ಶುರುವಾಗುವುದೇ ಹೊತ್ತು ಮುಳುಗಿದ ಮೇಲೆ.

ಭೋಪಾಲದ ಸೆಕ್ಷನ್ ತರುವಾಗ ನೆಲ ನೋಡಿಕೊಂಡು ತನ್ನಿ. ಗುಡ್ಡದ ಬುಡದಲ್ಲಿ ಜಾಗ ಸಿಕ್ಕರೆ ಇಳಿಜಾರು ಪುಕ್ಕಟೆ ಸಿಗುತ್ತದೆ, ಸೀಟಿನ ಮೆಟ್ಟಿಲು ಅದರ ಮೇಲೇ ಕೂರಿಸಿ. ಆದರೆ ಬಂಡೆ ಇದ್ದರೆ ಅಗೆಯುವ ಖರ್ಚು ತಲೆ ತಿನ್ನುತ್ತದೆ. ಎರೆ ಭೂಮಿಯಾದರೆ ಬೇರೆ ಕತೆ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ, ಅಂಥ ಕಡೆ ನೆಲದೊಳಗೆ ಇಳಿಯುವ ಗೋಡೆಯನ್ನು ಮಣ್ಣೇ ತಳ್ಳುತ್ತದೆ. ಅಲ್ಲಿ ಇಳಿಯುವ ಬದಲು ಏರಿ. ಹಂಪಿಯ ಮಹಾನವಮಿ ದಿಬ್ಬ ಹಾಗೇ ಅಲ್ವಾ? ಸಮತಟ್ಟು ನೆಲದ ಮೇಲೆ ಹಂತ ಹಂತವಾಗಿ ಏರಿಸಿದ ಕಲ್ಲಿನ ವೇದಿಕೆ. ಅಲ್ಲಿನ ಉತ್ಸವದ ಆಟಪಾಟಗಳನ್ನು ಪರ್ಷಿಯಾದ ಅಬ್ದುರ್ ರಝಾಕ್ 1443ರಲ್ಲೇ ನೋಡಿ ಬರೆದಿದ್ದಾನೆ. ಹಂಪಿಯಿಂದ ಸ್ಫೂರ್ತಿ ಅಂದ ಕೂಡಲೇ ಗೇಟಿನ ಮುಂದೆ ಸಿಮೆಂಟಿನ ಕಲ್ಲಿನ ತೇರು ನಿಲ್ಲಿಸುವವರಿಗೂ, ದುಬೈ ಗಾಜು ಅಂಟಿಸುವವರಿಗೂ ನನ್ನ ಲೆಕ್ಕದಲ್ಲಿ ವ್ಯತ್ಯಾಸವಿಲ್ಲ.

ಕೊನೆಗೆ ರಾಯಚೂರಿನಿಂದ ಬಂದವರಿಗೆ ಒಂದು ಮಾತು. ಹತ್ತಿ ವ್ಯಾಪಾರದ ಊರು ನಿಮ್ಮದು. ನಿಂತುಹೋದ ಜಿನ್ನಿಂಗ್ ಮಿಲ್ಲು ಕಂಡರೆ ಕೆಡವಲು ಜೆಸಿಬಿ ಕರೆಸುವ ಮೊದಲು ಬ್ರೆಜಿಲ್‌ನ ಸಾವೊ ಪಾಲೊ ನೆನಪಿಸಿಕೊಳ್ಳಿ. ಲೀನಾ ಬೊ ಬಾರ್ದಿ ಎಂಬ ಆರ್ಕಿಟೆಕ್ಟ್‌ಗೆ ಅಲ್ಲಿ ಹಳೆಯ ಡ್ರಮ್ (ಪೀಪಾಯಿ) ಕಾರ್ಖಾನೆಯ ಜಾಗದಲ್ಲಿ ಮನರಂಜನಾ ಕೇಂದ್ರ ಮಾಡುವ ಕೆಲಸ ಬಂತು, 1977ರಲ್ಲಿ. ಹೋಗಿ ನೋಡಿದರೆ ಆ ಶೆಡ್ಡುಗಳಲ್ಲಿ ಮಕ್ಕಳು ಆಗಲೇ ಆಡುತ್ತಿದ್ದರು, ಗೊಂಬೆಯಾಟ ನಡೆಯುತ್ತಿತ್ತು, ಮನೆಮಂದಿ ಬಂದು ಅಡುಗೆ ಮಾಡಿಕೊಂಡು ಉಣ್ಣುತ್ತಿದ್ದರು. ಇದನ್ನೇ ಉಳಿಸಬೇಕು ಎಂದು ಆಕೆ ಇಟ್ಟಿಗೆಯ ಶೆಡ್ಡುಗಳನ್ನು ಉಳಿಸಿಕೊಂಡರು. ಒಂದು ಶೆಡ್ಡಿನಲ್ಲಿ ವೇದಿಕೆಯ ಎರಡೂ ಕಡೆ ಜನ ಕೂರುವ ಥಿಯೇಟರ್ ಮಾಡಿದರು, ಮರದ ಸೀಟು, ಮೆತ್ತೆ ಇಲ್ಲ. ಹೆಸರು ಸೆಸ್ಕ್ ಪೊಂಪೆಯಾ. ಇವತ್ತಿಗೂ ಜನ ಕಿಕ್ಕಿರಿಯುತ್ತಾರೆ. ಮಿಲ್ಲಿನ ಶೆಡ್ಡಿಗೆ ಎತ್ತರ ಇದೆ, ನಡುವೆ ಕಂಬ ಕಡಿಮೆ. ಅರ್ಧ ಕೆಲಸ ಆದ ಹಾಗೇ.

ವಿದ್ಯಾರ್ಥಿಗಳಿಗೆ ಒಂದು ಕೆಲಸ ಕೊಡುತ್ತೇನೆ. ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆ ಬರುತ್ತದೆ. ಜಾತ್ರೆಯ ಹೊತ್ತಿಗೆ ನಾಟಕ ಕಂಪನಿಯವರು ತಗಡಿನ ಥಿಯೇಟರ್ ಎಲ್ಲೇ ಹಾಕಿರಲಿ, ಟೇಪು ಹಿಡಿದುಕೊಂಡು ಹಗಲು ಹೊತ್ತು ಹೋಗಿ. ಮ್ಯಾನೇಜರ್ ಅವರನ್ನು ಕೇಳಿ, ಚಹಾ ಕುಡಿದು, ಅಳತೆ ತಗೊಳ್ಳಿ. ವೇದಿಕೆ ನೆಲದಿಂದ ಎಷ್ಟು ಎತ್ತರ, ಮೊದಲ ಸಾಲು ಎಷ್ಟು ದೂರ, ಕೊನೆಯ ಸಾಲು ಎಷ್ಟು ದೂರ, ಪರದೆ ಸುತ್ತಿಕೊಂಡು ಮೇಲೇರಲು ಎಷ್ಟು ಜಾಗ ಬಿಟ್ಟಿದ್ದಾರೆ, ಬಿಸಿಗಾಳಿ ಎಲ್ಲಿಂದ ಹೊರಗೆ ಹೋಗುತ್ತದೆ, ಹೆಣ್ಣುಮಕ್ಕಳು ಯಾವ ಬಾಗಿಲಿನಿಂದ ಬರುತ್ತಾರೆ. ಬಂದು ಅದರ ಸೆಕ್ಷನ್ ಬರೆಯಿರಿ, 1:50 ಸ್ಕೇಲಿನಲ್ಲಿ. ಎಲಿವೇಷನ್ ತಂದವರಿಗೆ ಮಾರ್ಕ್ಸ್ ಇಲ್ಲ.